ಹಿನ್ನೀರಿನಲ್ಲಿ ಈ ವರ್ಷ ಎಷ್ಟು ಮೀನು ಮರಿ ಉಳಿಯುತ್ತವೆ? ಅಂದಾಜು ಮಾಡುವ ನಮ್ಮ ರೀತಿ

ಮಿರಗ ಮಳೆ ಶುರುವಾದರೆ ಅಪ್ಪ ದಿನಾ ಬೆಳಿಗ್ಗೆ ಹೋಗಿ ನೀರಿನ ಬಣ್ಣ ನೋಡಿ ಬರುತ್ತಾರೆ. ಬೀಳಗಿ ಕಡೆ ಒಂದು ಹನಿ ಬಿದ್ದಿರುವುದಿಲ್ಲ. ಆದರೂ ಒಂದು ದಿನ ಹೊಳೆ ಕೆಂಪಗಾಗಿರುತ್ತದೆ. ಮಹಾಬಳೇಶ್ವರದ ಕಡೆ ಸುರಿದ ಮಳೆ ಅದು. "ಹೊಸ ನೀರು ಬಂತು, ಇನ್ನು ಗೆಂಡೆ ಮೀನು ಮೊಟ್ಟೆಗೆ ಏರುತ್ತವೆ" ಎನ್ನುತ್ತಾರೆ ಅಪ್ಪ.

ಹೀಗೆ ಹುಟ್ಟಿದ ಮರಿಗಳಲ್ಲಿ ಎಷ್ಟು ಬದುಕಿ ನಮ್ಮ ಬಲೆಗೆ ಬರುತ್ತವೆ? ನಮ್ಮ ಮನೆಯಲ್ಲಿ ಇದು ಹೊಟ್ಟೆಯ ಪ್ರಶ್ನೆ. ಹೊಸ ಬಲೆಗೆ ಸಾಲ ಮಾಡಬೇಕೋ ಬೇಡವೋ ಎನ್ನುವುದು ಇದರ ಮೇಲೇ ನಿಂತಿದೆ. ಏಳು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆಲಮಟ್ಟಿ ಹಿನ್ನೀರಿನಲ್ಲಿ ನಾವು ಮಾಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿಡಕಲ್, ನವಿಲುತೀರ್ಥದ ಹಿನ್ನೀರಿನವರೂ ಮಾಡಬಹುದು.

ಮೊದಲು ಒಂದೇ ಒಂದು ಜಾತಿ ಆರಿಸಿಕೊಳ್ಳಿ. ಕಾಟ್ಲಾ, ರೋಹು ಬೇಡ. ಅವುಗಳ ಮರಿಗಳನ್ನು ತಂದು ಜಲಾಶಯಕ್ಕೆ ಬಿಡುತ್ತಾರೆ. ಬಲೆಗೆ ಬಂದ ಮರಿ ಹೊಳೆಯಲ್ಲಿ ಹುಟ್ಟಿದ್ದೋ ಲಾರಿಯಲ್ಲಿ ಬಂದದ್ದೋ ಹೇಳುವುದು ಹೇಗೆ? ನಾನು ಆರಿಸಿದ್ದು ಕಾಲ್ಬಾಸು. ಮೈ ಕಪ್ಪು, ಬಾಯಿಯ ಹತ್ತಿರ ನಾಲ್ಕು ಮೀಸೆ. ಮರಿಯನ್ನೂ ಗುರುತು ಹಿಡಿಯಬಹುದು. ನಿಮ್ಮ ಕಡೆ ಯಾವ ಮರಿ ಬಿಟ್ಟಿದ್ದಾರೆ ಎಂದು ಕೇಳಿಕೊಂಡು, ಬಿಡದ ಜಾತಿ ಹಿಡಿಯಿರಿ.

ಆಮೇಲೆ ಒಂದು ಮರಿ ಬದುಕಿ ಲೆಕ್ಕಕ್ಕೆ "ಸೇರಿತು" ಎಂದರೆ ಏನು ಎಂದು ತೀರ್ಮಾನಿಸಿ. ಮೊಟ್ಟೆ ಒಡೆದ ಮರಿಯೆಲ್ಲ ಲೆಕ್ಕಕ್ಕಿಲ್ಲ. ಮುಂದಿನ ಮೇ ತಿಂಗಳಿಗೆ ಬದುಕಿದ್ದು, ಸಣ್ಣ ಕಣ್ಣಿನ ಬಲೆಗೆ ಸಿಗುವಷ್ಟು ಬೆಳೆದದ್ದು ಮಾತ್ರ ನನ್ನ ಲೆಕ್ಕಕ್ಕೆ ಸೇರುತ್ತದೆ. ಮೇನಲ್ಲಿ ಒಂದು ಬಲೆಗೆ ಒಂದು ರಾತ್ರಿಗೆ ಇಂಥ ಎಷ್ಟು ಮೀನು ಬಂದವು ಎಂದು ಬರೆಯುತ್ತೇನೆ. ವಯಸ್ಸು ತಿಳಿಯಲು ಸಿಕ್ಕ ಕಾಲ್ಬಾಸುಗಳ ಉದ್ದ ಅಳೆದು, ಸೆಂಟಿಮೀಟರಿಗೆ ಒಂದು ಸಾಲಿನಂತೆ ಗೀಟು ಹಾಕುತ್ತಾ ಹೋಗಿ. ಇನ್ನೂರು ಮೀನು ಅಳೆಯುವಷ್ಟರಲ್ಲಿ ಗೀಟುಗಳು ಗುಂಪು ಗುಂಪಾಗುತ್ತವೆ. ಮೊದಲ ಗುಂಪೇ ಹೋದ ಮಳೆಗಾಲದ ಮರಿಗಳು.

ಬಹಳ ಜನ ಎಡವುವುದು ತಾಯಿ ಮೀನಿನ ಲೆಕ್ಕದಲ್ಲಿ. ನಾನೂ ಎಡವಿದೆ. ಒಂದು ವರ್ಷ ಮೊಟ್ಟೆ ತುಂಬಿದ ಮೀನು ಕಂಡಾಪಟ್ಟೆ ಬಂದವು. ಹೊಸ ನೀರೂ ಬೇಗ ಬಂತು. ಮುಂದಿನ ವರ್ಷ ಬಂಪರ್ ಎಂದು ಓಣಿಯಲ್ಲೆಲ್ಲ ಹೇಳಿದೆ. ಎರಡು ಮನೆಯವರು ನನ್ನ ಮಾತು ನಂಬಿ ಬಲೆ ಕೊಂಡರು. ಆದರೆ ಮೊಟ್ಟೆ ಇಟ್ಟ ವಾರವೇ ನೀರು ಸರ್ರನೆ ಇಳಿದಿತ್ತು. ಅಂಚಿನ ಹುಲ್ಲು, ಜಾಲಿ ಗಿಡದ ಬುಡ ಎಲ್ಲ ಒಣಗಿತ್ತು. ಮುಂದಿನ ಮೇನಲ್ಲಿ ಬಲೆ ಖಾಲಿ. ಆ ಎರಡು ಮನೆಗಳ ಮುಂದೆ ಹಾಯುವಾಗ ಇವತ್ತಿಗೂ ಮನಸ್ಸು ಹಿಂಡುತ್ತದೆ.

ಒಂದು ತಾಯಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಲಕ್ಷದಲ್ಲಿ ಒಂದು ಉಳಿಯುವ ಬದಲು ಎರಡು ಉಳಿದರೆ ಮರಿಗಳು ಇಮ್ಮಡಿ ಆದ ಹಾಗೆ ಅಲ್ವಾ? ಅಷ್ಟು ಸಣ್ಣ ವ್ಯತ್ಯಾಸವನ್ನು ತಾಯಂದಿರ ಎಣಿಕೆ ತೋರಿಸುವುದಿಲ್ಲ. ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲೇ ಇದನ್ನು ಹೇಳಿದ್ದರು. ಅಲ್ಲಿನ ಹೆರಿಂಗ್ ಮೀನಿನಲ್ಲಿ 1904ರಲ್ಲಿ ಹುಟ್ಟಿದ ಒಂದೇ ವರ್ಷದ ಪೀಳಿಗೆ ಎಷ್ಟೋ ವರ್ಷ ಬಲೆ ತುಂಬಿಸಿತು. ಮರಿಯ ಹೊಟ್ಟೆಗಂಟಿದ ಹಳದಿ ಚೀಲ ಖಾಲಿಯಾಗುವ ಹೊತ್ತಿಗೆ ತಿನ್ನಲು ಸಿಕ್ಕಿತೇ ಇಲ್ಲವೇ ಎನ್ನುವುದರ ಮೇಲೆ ಆ ವರ್ಷದ ಹಣೆಬರಹ ನಿಂತಿರಬಹುದು ಎಂದರು ಅವರು. ನಮ್ಮ ಗೆಂಡೆಗಳಲ್ಲಿ ಮೊಟ್ಟೆ ಒಡೆಯಲು ಒಂದು ದಿನ ಸಾಕು, ಆ ಚೀಲ ಮುಗಿಯಲು ಸುಮಾರು ಮೂರು ದಿನ.

ಅದಕ್ಕೇ ಕಂಟಕ ಕಳೆದ ಮೇಲೆ ಮರಿಗಳನ್ನೇ ಎಣಿಸಿ. ನಾನು ಎಣಿಸುವುದು ದೀಪಾವಳಿ ಮುಗಿದ ಮೇಲೆ, ನವೆಂಬರ್‌ನಲ್ಲಿ. ಅನಗವಾಡಿ, ಹೆರಕಲ್, ಚಿಕ್ಕಸಂಗಮ, ಕೊಲ್ಹಾರ ಸೇತುವೆಯ ಹತ್ತಿರ. ಒಂದೊಂದು ಜಾಗದಲ್ಲಿ ಮೂರು ಸಲ ದಡಕ್ಕೆ ಬಲೆ ಎಳೆಯುತ್ತೇವೆ. ಬಲೆ ಅದೇ, ಕಣ್ಣು ಅದೇ, ಹೊತ್ತು ಅದೇ. ಎಣಿಸಿದ ಮರಿಗಳನ್ನು ತಕ್ಷಣ ನೀರಿಗೆ ಬಿಡಬೇಕು. ಸಣ್ಣ ಕಣ್ಣಿನ ಬಲೆ ಮರಿಗಳಿಗೆ ಯಮ, ಹಾಗಾಗಿ ಮೀನುಗಾರಿಕೆ ಇಲಾಖೆಯ ಒಪ್ಪಿಗೆ ಮೊದಲೇ ಪಡೆಯಿರಿ. ಮತ್ತೆ, ಏನೂ ಬರದಿದ್ದರೆ ಸೊನ್ನೆ ಎಂದು ಬರೆಯಿರಿ. ಸೊನ್ನೆ ಬಿಟ್ಟರೆ ಸರಾಸರಿ ಸುಮ್ನೆ ಉಬ್ಬುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತಿಳಿಯಲು ನಾಲ್ಕು ವರ್ಷ ಬೇಕಾಯಿತು. ಜಲಾಶಯ ಪೂರ್ತಿ, ಅಂದರೆ 519.60 ಮೀಟರ್‌ವರೆಗೆ ತುಂಬಿದಾಗ ನೀರು ಹೊಲಗದ್ದೆಗಳವರೆಗೆ ಹರಡಿರುತ್ತದೆ. ಮರಿಗಳೂ ಹರಡಿಕೊಳ್ಳುತ್ತವೆ. ಇರುವ ಮರಿ ಅಷ್ಟೇ ಇದ್ದರೂ ಬಲೆಗೆ ಕಡಿಮೆ ಸಿಗುತ್ತವೆ. ನೀರು ಇಳಿದಾಗ ಒತ್ತೊತ್ತಾಗಿ ಜಾಸ್ತಿ ಸಿಗುತ್ತವೆ. ಅದನ್ನು ನೋಡಿ ಮೋಸ ಹೋಗಬಾರದು. ಪೇಪರಿನಲ್ಲಿ ದಿನಾ ನೀರಿನ ಮಟ್ಟ ಬರುತ್ತದೆ, ಎಣಿಕೆಯ ಪಕ್ಕದಲ್ಲೇ ಬರೆದುಕೊಳ್ಳಿ. ಹೆಚ್ಚುಕಡಿಮೆ ಒಂದೇ ಮಟ್ಟದ ವರ್ಷಗಳನ್ನು ಮಾತ್ರ ಹೋಲಿಸಿ.

ಇನ್ನು ಲೆಕ್ಕ. ಪ್ರತಿ ವರ್ಷದ ಮೇ ಎಣಿಕೆಯನ್ನು ಅದರ ಹಿಂದಿನ ನವೆಂಬರ್ ಎಣಿಕೆಯಿಂದ ಭಾಗಿಸಿ. ಬಂದ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ತೆಗೆದುಕೊಳ್ಳಿ. ಈ ವರ್ಷದ ನವೆಂಬರ್ ಎಣಿಕೆಯನ್ನು ಅದರಿಂದ ಗುಣಿಸಿದರೆ ನಿಮ್ಮ ಅಂದಾಜು ಸಿಕ್ಕಿತು. ನವೆಂಬರ್ ಎಣಿಕೆ ತಪ್ಪಿಹೋಗಿದ್ದರೆ ಹಿಂದಿನ ಐದು ಮೇ ತಿಂಗಳ ಸರಾಸರಿ ಬಳಸಿ, ಆದರೆ ಗುಣೋತ್ತರ ಸರಾಸರಿ. ಉದಾಹರಣೆಗೆ 4, 6, 5, 40, 7 ಎಂದುಕೊಳ್ಳಿ. ಕೂಡಿ ಭಾಗಿಸಿದರೆ 12.4. ಐದೂ ಗುಣಿಸಿ ಐದನೇ ಮೂಲ ತೆಗೆದರೆ ಸುಮಾರು 8. ಒಂದು ಸುಗ್ಗಿ ವರ್ಷ ಉಳಿದ ನಾಲ್ಕನ್ನು ಮುಚ್ಚಿಹಾಕದಂತೆ ಇದು ತಡೆಯುತ್ತದೆ. ಫೋನಿನ ಎಕ್ಸೆಲ್‌ನಲ್ಲಿ ಮಾಡಬಹುದು.

ತಾಯಿ ಮೀನಿನ ಲೆಕ್ಕವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಅದನ್ನೂ ಬರೆದಿಡಿ. ಕೆನಡಾದ ಮೀನು ವಿಜ್ಞಾನಿ ವಿಲಿಯಂ ರಿಕರ್ 1954ರಲ್ಲಿ ತೋರಿಸಿದ ಗೆರೆ ಇದೆ: ತಾಯಂದಿರು ಹೆಚ್ಚಿದಂತೆ ಮರಿ ಹೆಚ್ಚಿ, ಒಂದು ಹಂತ ದಾಟಿದ ಮೇಲೆ ಇಕ್ಕಟ್ಟಾಗಿ ಕಡಿಮೆಯಾಗುತ್ತದೆ. ಆದರೆ ಏಳು ವರ್ಷದ ನನ್ನ ಏಳು ಚುಕ್ಕೆಗಳ ಮೇಲೆ ಹೇಗೆ ಬೇಕಾದರೂ ಗೆರೆ ಎಳೆಯಬಹುದು. ಹಾಗಾಗಿ ಇನ್ನೂ ಎಳೆದಿಲ್ಲ.

ಅಂದಾಜನ್ನು ಯಾರಿಗೂ ಹೇಳುವ ಮುಂಚೆ ಪರೀಕ್ಷಿಸಿ. ಹೋದ ವರ್ಷದ ಮೇ ಎಣಿಕೆಯನ್ನು ಕೈಯಿಂದ ಮುಚ್ಚಿ, ಅದಕ್ಕೂ ಹಿಂದಿನ ವರ್ಷಗಳಿಂದ ಅದನ್ನು ಲೆಕ್ಕ ಹಾಕಿ. ಆಮೇಲೆ ಕೈ ತೆಗೆದು ನೋಡಿ. ಹೀಗೆ ಒಂದೊಂದೇ ವರ್ಷ ಹಿಂದಕ್ಕೆ ಹೋಗಿ. "ಹೋದ ವರ್ಷದಷ್ಟೇ ಈ ವರ್ಷವೂ" ಎಂದು ಕಣ್ಣುಮುಚ್ಚಿ ಹೇಳುವುದಕ್ಕಿಂತ ನಿಮ್ಮ ಲೆಕ್ಕ ಹತ್ತಿರ ಬರದಿದ್ದರೆ ಅದನ್ನು ಬಿಟ್ಟುಬಿಡಿ. "ಮಳೆ ಬೇಗ ಬಂದರೆ ಮರಿ ಜಾಸ್ತಿ" ಎಂಬ ನನ್ನ ನೆಚ್ಚಿನ ನಂಬಿಕೆ ಈ ಪರೀಕ್ಷೆಯಲ್ಲೇ ಸೋತಿತು. ಮುಖ್ಯವಾದದ್ದು ನೀರು ಬಂದ ದಿನ ಅಲ್ಲ, ಬಂದ ನೀರು ಅಂಚಿನಲ್ಲಿ ಎಷ್ಟು ದಿನ ನಿಂತಿತು ಎನ್ನುವುದು.

ಡಿಸೆಂಬರ್‌ನಲ್ಲಿ ಓಣಿಯವರಿಗೆ ಈಗ ಒಂದೇ ಸಂಖ್ಯೆ ಹೇಳುವುದಿಲ್ಲ. "ಒಂದು ಬಲೆಗೆ ರಾತ್ರಿಗೆ ಐದರಿಂದ ಹನ್ನೆರಡು ಬರಬಹುದು, ಐದೇ ಬಂದರೂ ತೀರಿಸಬಹುದಾದಷ್ಟು ಸಾಲ ಮಾಡಿ" ಎನ್ನುವ ರೀತಿಯಲ್ಲಿ ಹೇಳುತ್ತೇನೆ. ಆಮೇಲೆ ಎಣಿಕೆಯ ಬಲೆಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಇಲಿ ಮುಟ್ಟದಂತೆ ಜಂತಿಗೆ ಕಟ್ಟಿಡುತ್ತೇನೆ. ಬರುವ ನವೆಂಬರ್‌ಗೂ ಅದೇ ಬಲೆ ಬೇಕು.