ದುಬೈನಲ್ಲಿ ಮನೆ: ಮುಂಗಡ ಕೊಡುವ ಮುನ್ನ ಏನೇನು ನೋಡಬೇಕು?

ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ನಿವೇಶನ ಕೊಳ್ಳಲು ಹೊರಟವರು ಮೂಲ ಪತ್ರ, ಋಣಭಾರ ಪತ್ರ, ಖಾತಾ, ಮಂಜೂರಾದ ನಕ್ಷೆ ಎಲ್ಲವನ್ನೂ ವಕೀಲರ ಮೇಜಿನ ಮೇಲೆ ಹರಡುತ್ತಾರೆ. ಬಿ ಖಾತಾ ಎಂದ ಕೂಡಲೇ ಹಿಂಜರಿಯುತ್ತಾರೆ. ಅವರೇ ಭಾನುವಾರ ಹೋಟೆಲಿನಲ್ಲಿ ನಡೆಯುವ ದುಬೈ ಆಸ್ತಿ ಮೇಳಕ್ಕೆ ಹೋಗಿ, ಒಂದೂ ಪತ್ರ ನೋಡದೆ ಮುಂಗಡ ಕೊಟ್ಟು ಬರುತ್ತಾರೆ. ನನ್ನ ಸೋದರಮಾವ ಹೀಗೆಯೇ ಹಣ ಕಳುಹಿಸಲು ಕುಳಿತಿದ್ದರು. ‘ದುಡ್ಡು ಯಾರ ಖಾತೆಗೆ ಹೋಗುತ್ತದೆ?’ ಎಂದು ಅತ್ತೆ ಕೇಳಿದರು. ನೋಡಿದರೆ ಅದು ಮಧ್ಯವರ್ತಿಯ ಸ್ವಂತ ಖಾತೆ. ಅತ್ತೆಯ ಆ ಒಂದು ಪ್ರಶ್ನೆಯಿಂದ ದೊಡ್ಡ ಗಂಡಾಂತರ ತಪ್ಪಿತು.

ಮೊದಲು ಜಾಗ ವಿಚಾರಿಸಿ. ದುಬೈನಲ್ಲಿ ವಿದೇಶಿಯರು ಎಲ್ಲೆಂದರಲ್ಲಿ ಮನೆ ಕೊಳ್ಳುವಂತಿಲ್ಲ. 2006ರ ಭೂ ನೋಂದಣಿ ಕಾನೂನಿನ ಪ್ರಕಾರ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಅವರಿಗೆ ಪೂರ್ಣ ಒಡೆತನ ಸಿಗುತ್ತದೆ. ದುಬೈ ಮರೀನಾ, ಪಾಮ್ ಜುಮೇರಾ ಅಂಥವು. ಕೊಡುತ್ತಿರುವುದು ಪೂರ್ಣ ಒಡೆತನವೋ, 99 ವರ್ಷದವರೆಗಿನ ಗುತ್ತಿಗೆಯೋ ಎಂಬುದನ್ನು ಬರಹದಲ್ಲಿಯೇ ಪಡೆಯಿರಿ. ಶಾರ್ಜಾ, ಅಬುಧಾಬಿಗಳ ನಿಯಮ ಬೇರೆ, ಕಚೇರಿಯೂ ಬೇರೆ. ದುಬೈಗೆ ಹತ್ತಿರ ಎಂದು ಹೇಳಿ ಮಾರುವ ಮನೆ ಯಾವ ಎಮಿರೇಟಿಗೆ ಸೇರಿದ್ದು ಎಂದು ಕೇಳಲು ಸಂಕೋಚ ಬೇಡ.

ಮಧ್ಯವರ್ತಿಯ ವಿಷಯ ಬೇಗ ಮುಗಿಯುತ್ತದೆ. ಅಲ್ಲಿ ಆಸ್ತಿ ಜಾಹೀರಾತಿಗೆ ಪರವಾನಗಿ ಸಂಖ್ಯೆ ಇರಬೇಕು, ಮಧ್ಯವರ್ತಿಗೂ ನೋಂದಣಿ ಇರಬೇಕು. ಎರಡನ್ನೂ ದುಬೈ ಭೂ ಇಲಾಖೆಯ ‘ದುಬೈ ರೆಸ್ಟ್’ ಆ್ಯಪ್‌ನಲ್ಲಿ ನೋಡಬಹುದು. ಸಂಖ್ಯೆ ಕೊಡಲು ಹಿಂದೇಟು ಹಾಕುವವರ ಜೊತೆ ಮಾತು ಮುಂದುವರಿಸಬೇಡಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಇನ್ನೂ ಕಟ್ಟುತ್ತಿರುವ ಮನೆಗೆ. ಮೇಳಗಳಲ್ಲಿ ಮಾರುವುದು ಬಹುತೇಕ ಅವನ್ನೇ. 2007ರ 8ನೇ ಕಾನೂನಿನಂತೆ ಇಂಥ ಯೋಜನೆಗೆ ಬ್ಯಾಂಕಿನಲ್ಲಿ ಪ್ರತ್ಯೇಕ ಎಸ್ಕ್ರೊ ಖಾತೆ ಇರಬೇಕು. ಕೊಳ್ಳುವವರ ಹಣ ಆ ಖಾತೆಗೇ ಬೀಳಬೇಕು, ಕೆಲಸ ಸಾಗಿದಂತೆ ಬಿಲ್ಡರ್ ಕೈಗೆ ಬರಬೇಕು. ಕಟ್ಟಡ ಮುಗಿದ ಮೇಲೂ ಶೇ 5ರಷ್ಟನ್ನು ಒಂದು ವರ್ಷ ಹಿಡಿದಿಡುತ್ತಾರೆ. ಯೋಜನೆಯ ಹೆಸರು ಹಾಕಿ ಅದೇ ಆ್ಯಪ್‌ನಲ್ಲಿ ಹುಡುಕಿ. ನೋಂದಣಿ ಆಗಿದೆಯೇ, ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂಬುದು ಕಾಣುತ್ತದೆ. ಎಸ್ಕ್ರೊ ಖಾತೆಯ ವಿವರವನ್ನು ಇಲಾಖೆಯ ದಾಖಲೆಯಿಂದಲೇ ತೆಗೆದು, ನಿಮಗೆ ಕೊಟ್ಟ ಖಾತೆ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಖಾತೆ ಸಂಖ್ಯೆಯನ್ನು ನಂಬಿ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ‘ರಿಯಾಯಿತಿ ಇವತ್ತು ಸಂಜೆಗೆ ಮುಗಿಯುತ್ತದೆ’ ಎಂದು ಅವಸರಪಡಿಸಿದರೆ ಆ ರಿಯಾಯಿತಿಯನ್ನು ಬಿಟ್ಟುಬಿಡಿ.

ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅದು ತಾತ್ಕಾಲಿಕ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು. ಆ ನೋಂದಣಿಯನ್ನು ಅಲ್ಲಿ ‘ಒಕೂದ್’ ಎನ್ನುತ್ತಾರೆ. ಅದರಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರಲಿ. ನಮ್ಮಲ್ಲಿ ತಂದೆಯ ಹೆಸರು, ಊರಿನ ಹೆಸರು ಇನಿಷಿಯಲ್ಲಾಗಿ ಹಿಂದೆ ಮುಂದೆ ಆಗುವುದುಂಟು. ಆರಂಭದಲ್ಲಿಯೇ ತಿದ್ದಿಸಿಕೊಂಡರೆ ಮುಂದಿನ ಓಡಾಟ ತಪ್ಪುತ್ತದೆ.

ಕಟ್ಟಿ ಮುಗಿದ ಮನೆಯನ್ನು ಒಡೆಯನಿಂದಲೇ ಕೊಳ್ಳುವುದಾದರೆ ಭೂ ಇಲಾಖೆಯ ಹಕ್ಕುಪತ್ರ ಕೇಳಿ, ಅದು ಅಸಲಿಯೇ ಎಂದು ಇಲಾಖೆಯ ವ್ಯವಸ್ಥೆಯಲ್ಲಿ ಪರಿಶೀಲಿಸಿ. ಅಡಮಾನವಿದ್ದರೆ ಸಾಲ ಕೊಟ್ಟ ಬ್ಯಾಂಕಿನಿಂದ ಬಾಕಿ ಎಷ್ಟೆಂಬ ಪತ್ರ ತರಿಸಿ. ಬಿಲ್ಡರ್‌ನ ನಿರಾಕ್ಷೇಪಣಾ ಪತ್ರವೂ ಬೇಕು. ನಿರ್ವಹಣಾ ಶುಲ್ಕ ಬಾಕಿಯಿದ್ದರೆ ಅದು ಸಿಗುವುದಿಲ್ಲ. ಈ ಶುಲ್ಕ ಚದರ ಅಡಿಯ ಲೆಕ್ಕದಲ್ಲಿ ವರ್ಷವರ್ಷವೂ ಬರುವಂಥದ್ದು. ಆದ್ದರಿಂದ ಬಾಡಿಗೆಯ ಲಾಭ ಎಣಿಸುವ ಮೊದಲು ಇದನ್ನು ಕಳೆಯಿರಿ. ಹಕ್ಕು ವರ್ಗಾವಣೆಯ ಶುಲ್ಕ ಬೆಲೆಯ ಶೇ 4. ಮಧ್ಯವರ್ತಿಯ ಕಮಿಷನ್ ಇದರ ಮೇಲೆ.

ಇನ್ನು ನಮ್ಮ ದೇಶದ ಕಾನೂನು. ಅಲ್ಲಿನ ಪತ್ರಗಳೆಲ್ಲ ಸರಿಯಿದ್ದು ಇಲ್ಲಿಂದ ಹಣ ಹೋದ ದಾರಿ ತಪ್ಪಾಗಿದ್ದರೂ ತೊಂದರೆಯೇ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಗಂಡ, ಹೆಂಡತಿ, ಮಕ್ಕಳು ಮಿತಿಗಳನ್ನು ಕೂಡಿಸಿ ಕಳುಹಿಸುವುದಾದರೆ ಎಲ್ಲರ ಹೆಸರೂ ಪತ್ರದಲ್ಲಿ ಇರಲಿ. ಈ ರವಾನೆಗೆ ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ. ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳುಹಿಸುವ ಎ2 ಅರ್ಜಿ ಕೊಟ್ಟು, ಉದ್ದೇಶ ಬರೆದೇ ಕಳುಹಿಸಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ 20ರಷ್ಟು ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಹೊಂದಾಣಿಕೆಯಾಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ. ಆದರೆ ಅಲ್ಲಿಯವರೆಗೆ ಅಷ್ಟು ನಗದು ಕೈಯಲ್ಲಿ ಇರಬೇಕು. ಕಂತು ಕಟ್ಟುವವರು ಈ ಲೆಕ್ಕ ಮರೆತು ಪರದಾಡುತ್ತಾರೆ.

ಮನೆ ನಿಮ್ಮ ಹೆಸರಿಗೆ ಬಂದ ಬಳಿಕ ತೆರಿಗೆ ವಿವರಪಟ್ಟಿಯ ವಿದೇಶಿ ಆಸ್ತಿ ಭಾಗದಲ್ಲಿ ಪ್ರತಿ ವರ್ಷ ಅದನ್ನು ನಮೂದಿಸಬೇಕು, ಬಾಡಿಗೆ ಬರದಿದ್ದರೂ ಸರಿ. ಬಿಟ್ಟರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಆದ್ದರಿಂದ ಖರೀದಿ ಒಪ್ಪಂದದ ಪ್ರತಿ, ಎ2 ಅರ್ಜಿಯ ಪ್ರತಿ, ಪ್ರತಿ ಕಂತಿನ ರಸೀದಿ ಇವಿಷ್ಟನ್ನೂ ಒಂದೇ ಕಡತದಲ್ಲಿಟ್ಟು, ಮೊದಲ ಕಂತು ಕಳುಹಿಸಿದ ವಾರವೇ ನಿಮ್ಮ ಲೆಕ್ಕ ಪರಿಶೋಧಕರಿಗೆ ತೋರಿಸಿ.