ಹಳೆಯ ವ್ಯಾನಿನ ಪವರ್ ಸ್ಟೀರಿಂಗ್ ಪಂಪ್: ನಿಜವಾಗಿ ಕೆಟ್ಟಿದೆಯೇ, ಕೆಟ್ಟಿದ್ದರೆ ಬದಲಿಸುವುದು ಹೇಗೆ

ಸ್ಟೀರಿಂಗ್ ಗಟ್ಟಿಯಾಯಿತು, ತಿರುಗಿಸಿದರೆ ಗೊಂಯ್ ಅನ್ನುತ್ತದೆ ಎಂದ ಕೂಡಲೇ ಪಂಪ್ ಹೋಯಿತು ಎಂದುಬಿಡುವವರೇ ಹೆಚ್ಚು. ಹಳೆಯ ವ್ಯಾನುಗಳಲ್ಲಿ ಎಷ್ಟೋ ಸಲ ಪಂಪಿನದೇನೂ ತಪ್ಪಿರುವುದಿಲ್ಲ. ಅದಕ್ಕೆ ಸಾಕಷ್ಟು ಆಯಿಲ್ ಸಿಗುತ್ತಿರುವುದಿಲ್ಲ, ಇಲ್ಲವೇ ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತಿರುತ್ತದೆ. ಆ ಕಾರಣ ಹಾಗೇ ಉಳಿದರೆ ಹೊಸ ಪಂಪೂ ಬೇಗನೆ ಹಳೆಯದರ ಹಾದಿ ಹಿಡಿಯುತ್ತದೆ. ಇಲ್ಲಿ ಹೇಳಿರುವುದು ಬೆಲ್ಟಿನಿಂದ ತಿರುಗುವ ಹೈಡ್ರಾಲಿಕ್ ಪಂಪಿನ ವಿಷಯ ಮಾತ್ರ.

ಮೊದಲು ಆಯಿಲ್ ಡಬ್ಬಿ ನೋಡಿ. ಎಂಜಿನ್ ಐಡಲ್‌ನಲ್ಲಿರುವಾಗ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಮಟ್ಟ ಸರಿಯಿದ್ದೂ ಆಯಿಲ್ ನೊರೆನೊರೆಯಾಗಿ, ಹಾಲು ಬೆರೆತಂತೆ ಮಂಕಾಗಿ ಕಂಡರೆ ಎಲ್ಲೋ ಗಾಳಿ ಸೇರುತ್ತಿದೆ. ಹೆಚ್ಚಾಗಿ ಅದು ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಸಕ್ಷನ್ ಹೋಸ್. ಪಂಪ್ ಎಳೆಯುತ್ತಿರುವಾಗ ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಹಾಗಾಗಿ ರಬ್ಬರಿನಲ್ಲಿ ಬಿರುಕಿದ್ದರೂ, ಕ್ಲಿಪ್ ಸಡಿಲವಿದ್ದರೂ ಆಯಿಲ್ ಒಂದು ಹನಿ ಹೊರಗೆ ಬಾರದೆ ಗಾಳಿ ಮಾತ್ರ ಒಳಗೆ ಹೋಗಬಹುದು. ಲೀಕ್ ಹುಡುಕುತ್ತ ಕೂತವರಿಗೆ ಇದು ಸಿಗುವುದೇ ಇಲ್ಲ. ಡಬ್ಬಿಯ ತಳದಲ್ಲಿ ಸಣ್ಣ ಜಾಲರಿ ಇರುವ ಮಾದರಿಗಳೂ ಉಂಟು. ಅದು ಕಟ್ಟಿಕೊಂಡರೂ ಸತ್ತ ಪಂಪಿನಂಥದೇ ಸದ್ದು. ಜಾಲರಿ ಡಬ್ಬಿಗೇ ಅಂಟಿಕೊಂಡಿದ್ದರೆ ತೊಳೆಯುವ ಗೋಜಿಗೆ ಹೋಗದೆ ಡಬ್ಬಿಯನ್ನೇ ಬದಲಿಸಿ.

ಬಿಳಿ ಕಾಗದದ ಮೇಲೆ ನಾಲ್ಕು ಹನಿ ಆಯಿಲ್ ಬಿಟ್ಟು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಬರೀ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಮುದಿಯಾಗಿದೆ, ಅಷ್ಟೆ. ಬೆಳ್ಳಿಯ ಪುಡಿಯಂತೆ ಸಣ್ಣಗೆ ಮಿನುಗಿದರೆ ಪಂಪಿನೊಳಗೆ ವೇನುಗಳೋ (ಆಯಿಲ್ ತಳ್ಳುವ ತೆಳು ಲೋಹದ ಪಟ್ಟಿಗಳು) ಅವು ಉಜ್ಜುವ ರಿಂಗೋ ಸವೆದು ಉದುರುತ್ತಿದೆ. ಆಗ ಆಯಿಲ್ ಬದಲಿಸಿ ಪಾರಾಗಲು ನೋಡಬೇಡಿ.

ಸದ್ದಿನಲ್ಲೂ ಭೇದವಿದೆ. ಸ್ಟಾರ್ಟ್ ಮಾಡಿದಾಗ ಅಥವಾ ಪೂರ್ತಿ ತಿರುಗಿಸಿದಾಗ ಕ್ಷಣಕಾಲ ಕಿರ್ರೆಂದರೆ ಬೆಲ್ಟ್ ಜಾರುತ್ತಿದೆ. ಕೈ ದೂರವಿಟ್ಟು ಬೆಲ್ಟಿಗೆ ಸ್ವಲ್ಪ ನೀರು ಚಿಮುಕಿಸಿ, ಸದ್ದು ಒಮ್ಮೆಗೇ ಬದಲಾದರೆ ಅನುಮಾನವೇ ಬೇಡ. ಎಂಜಿನ್ ವೇಗದ ಜೊತೆ ಏರುವ ಗೊಂಯ್ ಮಾತ್ರ ಪಂಪಿನದು, ಇಲ್ಲವೇ ಗಾಳಿಯದು.

ಇನ್ನೊಂದು, ಬಹಳ ಜನ ಬಿಟ್ಟುಬಿಡುವುದು: ಮುಂದಿನ ಟೈರುಗಳ ಗಾಳಿ ನೋಡಿ, ಆಮೇಲೆ ಮುಂಭಾಗ ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಎಂಜಿನ್ ಆಫ್ ಇಟ್ಟು ಸ್ಟೀರಿಂಗ್ ತಿರುಗಿಸಿ. ಗಾಳಿಯಲ್ಲಿರುವ ಚಕ್ರ ಸಲೀಸಾಗಿ ತಿರುಗಬೇಕು. ಒಂದೆಡೆ ಬಿಗಿ, ಒಂದೆಡೆ ಹಗುರ ಎನಿಸಿದರೆ ಸ್ಟೀರಿಂಗಿನಿಂದ ಕೆಳಗಿಳಿಯುವ ದಂಡದ (ಕಾಲಮ್ಮಿನ) ಕೀಲು, ಅಂದರೆ ಯುನಿವರ್ಸಲ್ ಜಾಯಿಂಟ್, ತುಕ್ಕು ಹಿಡಿದಿರಬಹುದು. ಉದ್ದಕ್ಕೂ ಬಿಗಿಯಿದ್ದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು, ಅಂದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ನೋಡಿ. ಇವಕ್ಕೆ ಹೊಸ ಪಂಪ್ ಹಾಕಿ ಏನೂ ಪ್ರಯೋಜನವಿಲ್ಲ.

ಖಚಿತ ಉತ್ತರ ಬೇಕಿದ್ದರೆ ಗೇಜ್. ಪಂಪ್ ಮತ್ತು ಅದರಿಂದ ಸ್ಟೀರಿಂಗಿಗೆ ಆಯಿಲ್ ಒಯ್ಯುವ ಪ್ರೆಷರ್ ಹೋಸ್ ನಡುವೆ ವಾಲ್ವ್ ಇರುವ ಪ್ರೆಷರ್ ಗೇಜ್ ಹಾಕಿ. ಆಯಿಲ್ ಬಿಸಿಯಾಗಿರಲಿ, ಐಡಲ್ ಇರಲಿ, ಚಕ್ರ ನೇರವಿರಲಿ. ವಾಲ್ವ್ ತೆರೆದಿದ್ದಾಗ ಮುಳ್ಳು ಸಾಮಾನ್ಯವಾಗಿ 10 ಬಾರ್ ಒಳಗೆ ನಿಲ್ಲುತ್ತದೆ. ಅದಕ್ಕಿಂತ ಬಹಳ ಮೇಲಿದ್ದರೆ ಮುಂದೆ ಹೋಸೋ ಪೈಪೋ ಕಟ್ಟಿದೆ. ಈಗ ವಾಲ್ವ್ ಮುಚ್ಚಿ, 5 ಸೆಕೆಂಡ್ ಮೀರದಂತೆ. ಮಾದರಿಗೆ ತಕ್ಕಂತೆ 70ರಿಂದ 100 ಬಾರ್ ಆಸುಪಾಸಿಗೆ ಏರಬೇಕು. ನಿಮ್ಮ ವ್ಯಾನಿನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬೆಲ್ಟ್, ಆಯಿಲ್ ಸರಿಯಿದ್ದೂ ಏರದಿದ್ದರೆ ಪಂಪ್ ಕೆಟ್ಟಿದೆ. ಏರಿದರೆ ವಾಲ್ವ್ ತೆರೆದು ಸ್ಟೀರಿಂಗನ್ನು ಒಂದು ಕೊನೆಗೆ ತಿರುಗಿಸಿ ಒಂದೆರಡು ಸೆಕೆಂಡ್ ಹಿಡಿಯಿರಿ. ಆಗ ಒತ್ತಡ ಬಾರದಿದ್ದರೆ ರ‍್ಯಾಕ್ ಅಥವಾ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಭಾಗ) ಒಳಗೊಳಗೇ ಲೀಕ್ ಆಗುತ್ತಿದೆ, ಪಂಪ್ ನಿರಪರಾಧಿ. ಎಂಜಿನ್ ಓಡುವಾಗ ಹೋಸಿನ ಲೀಕನ್ನು ಕೈಯಿಂದ ತಡವಿ ಹುಡುಕಬೇಡಿ, ಇಷ್ಟು ಒತ್ತಡದ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಗೇಜ್ ಇಲ್ಲದೆಯೂ ಗೊತ್ತಾಗುವುದು ಶಾಫ್ಟ್ ಸೀಲ್ ಹೋದದ್ದು. ಪುಲ್ಲಿಯ ಹಿಂದಿನಿಂದ ಹನಿಯುತ್ತದೆ, ಪುಲ್ಲಿಯ ನೇರಕ್ಕೆ ಸುತ್ತಲೂ ಆಯಿಲ್ ಗೆರೆಯಾಗಿ ಸಿಡಿದಿರುತ್ತದೆ. ಪುಲ್ಲಿ ಹಿಡಿದು ಅಲುಗಿಸಿದಾಗ ಆಟವಿದ್ದರೆ ಬೇರಿಂಗೂ ಹೋಗಿದೆ. ಸೀಲ್ ಮಾತ್ರ ಬದಲಿಸಿದರೆ ನಿಲ್ಲುವುದಿಲ್ಲ.

ಬದಲಿಸುವ ಕೆಲಸ

ಮೊದಲೇ ತಂದಿಡಬೇಕಾದ್ದು: ಅದೇ ಮಾದರಿಯ ಪಂಪ್, ಪ್ರೆಷರ್ ಫಿಟಿಂಗಿನ ಹೊಸ ಓ-ರಿಂಗ್ (ಹೋಸಿನ ತುದಿಯ ಉಂಗುರದೊಳಗೆ ತೂರುವ ಟೊಳ್ಳಾದ ಬ್ಯಾಂಜೊ ಬೋಲ್ಟ್ ಇದ್ದರೆ ಎರಡು ಹೊಸ ವಾಷರ್), ಸಕ್ಷನ್ ಹೋಸ್, ಕ್ಲಿಪ್ಪುಗಳು, ಆಯಿಲ್ ನೆನೆದಿದ್ದರೆ ಬೆಲ್ಟ್, ತೊಳೆಯುವುದಕ್ಕೂ ಸೇರಿ 2ರಿಂದ 3 ಲೀಟರ್ ಆಯಿಲ್. ಯಾವ ಆಯಿಲ್ ಎಂಬುದನ್ನು ಡಬ್ಬಿಯ ಮುಚ್ಚಳ ಅಥವಾ ಮ್ಯಾನ್ಯುಯಲ್ ಹೇಳುತ್ತದೆ. ಕೆಲವಕ್ಕೆ ಡೆಕ್ಸ್‌ರಾನ್ ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಆಯಿಲ್), ಕೆಲವಕ್ಕೆ ಪವರ್ ಸ್ಟೀರಿಂಗ್ ಫ್ಲೂಯಿಡ್, ಕೆಲವಕ್ಕೆ ಹಸಿರು ಬಣ್ಣದ ಹೈಡ್ರಾಲಿಕ್ ಆಯಿಲ್ಲಾದ ಸಿಎಚ್‌ಎಫ್ 11ಎಸ್. ಬಣ್ಣ ನೋಡಿ ಊಹಿಸಿ ಬೆರೆಸಬೇಡಿ. ಬ್ರೇಕ್ ಆಯಿಲ್ ತಪ್ಪಿ ಬಿದ್ದರಂತೂ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೆಲ್ಟ್ ಹೋಗಿರುವ ದಾರಿಯ ಫೋಟೊ ತೆಗೆದಿಡಿ. ಪುಲ್ಲಿ ಬೋಲ್ಟುಗಳಿಂದ ಕೂತಿದ್ದರೆ ಬೆಲ್ಟ್ ಇರುವಾಗಲೇ ಅವನ್ನು ಸಡಿಲಿಸಿಕೊಳ್ಳಿ, ಬೆಲ್ಟೇ ಪುಲ್ಲಿಯನ್ನು ಹಿಡಿದಿರುತ್ತದೆ. ಆಮೇಲೆ ಬೆಲ್ಟ್ ತೆಗೆಯಿರಿ. ಡಬ್ಬಿಯ ಆಯಿಲ್ಲನ್ನು ಸಿರಿಂಜಿನಿಂದ ಎಳೆದು, ಕೆಳಗೆ ಟ್ರೇ ಇಟ್ಟು ಹೋಸುಗಳನ್ನು ಬಿಚ್ಚಿ. ಅನೇಕ ವ್ಯಾನುಗಳಲ್ಲಿ ಮೇಲಿನಿಂದ ಕೈ ತೂರುವುದಿಲ್ಲ. ಚಕ್ರ ತೆಗೆದು ಒಳಗಿನ ಪ್ಲಾಸ್ಟಿಕ್ ಬಿಚ್ಚಿದರೆ ಪಂಪ್ ಎದುರಿಗೇ ಸಿಗುವುದುಂಟು.

ಪ್ರೆಷರ್ ನಟ್ಟಿಗೆ ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗುತ್ತವೆ. ನಟ್ಟನ್ನು ಹೆಚ್ಚು ಕಡೆಯಿಂದ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ನಟ್ಟಿನ ಹಿಂದೆ ಪಂಪಿಗೆ ಕೂತ ಫಿಟಿಂಗನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಿ. ಕೆಲವು ಪಂಪುಗಳಲ್ಲಿ ಆ ಫಿಟಿಂಗಿನ ಹಿಂದೆಯೇ ಫ್ಲೋ ಕಂಟ್ರೋಲ್ ವಾಲ್ವ್ ಮತ್ತು ಸ್ಪ್ರಿಂಗ್ ಇರುತ್ತವೆ, ಫಿಟಿಂಗ್ ಸಡಿಲಾದರೆ ಹೊರಗೆ ಹಾರುತ್ತವೆ.

ಒತ್ತಿ ಕೂರಿಸಿದ ಪುಲ್ಲಿಯಾದರೆ ಅದನ್ನು ತೆಗೆಯುವ ಮುನ್ನ ಶಾಫ್ಟಿನ ತುದಿಗೂ ಪುಲ್ಲಿಯ ಮುಖಕ್ಕೂ ಎಷ್ಟು ಅಂತರವಿದೆ ಎಂದು ವರ್ನಿಯರ್‌ನಿಂದ ಅಳೆದು ಬರೆದಿಡಿ. ತೆಗೆಯಲು ಪುಲ್ಲರ್, ಕೂರಿಸಲು ಇನ್‌ಸ್ಟಾಲರ್. ಸುತ್ತಿಗೆಯ ಸಹವಾಸ ಬೇಡ. ಒಂದೇ ಪೆಟ್ಟಿಗೆ ಶಾಫ್ಟ್ ಒಳಕ್ಕೆ ಸರಿದು ಹೊಸ ಪಂಪ್ ಎಂಜಿನ್ನಿಗೆ ಬೀಳುವ ಮುನ್ನವೇ ಕೆಡುತ್ತದೆ. ಕೂರಿಸಿದ ಮೇಲೆ ಅಕ್ಕಪಕ್ಕದ ಪುಲ್ಲಿಗೆ ಸ್ಕೇಲ್ ಒತ್ತಿ ಸಾಲು ನೋಡಿ. ಒಂದೆರಡು ಮಿಲಿಮೀಟರ್ ತಪ್ಪಿದರೂ ಬೆಲ್ಟ್ ಅಂಚು ಕಿತ್ತುಕೊಳ್ಳುತ್ತದೆ.

ಪಂಪ್ ಜೋಡಿಸುವ ಮುನ್ನ ಸ್ಟೀರಿಂಗ್ ಬದಿಯ ಹಳೆಯ ಆಯಿಲ್ ಹೊರಹಾಕಿ. ಮುಂಭಾಗ ಸ್ಟ್ಯಾಂಡ್ ಮೇಲೆ ಕೂತು ಚಕ್ರಗಳು ನೆಲ ಬಿಟ್ಟಿರಲಿ, ಹೋಸಿನ ತುದಿಗಳು ಬಾಟಲಿಯೊಳಗಿರಲಿ. ಒಬ್ಬರು ಸ್ಟೀರಿಂಗನ್ನು ನಿಧಾನವಾಗಿ ಎರಡು ಕೊನೆಗೂ ತಿರುಗಿಸುತ್ತಿದ್ದರೆ ಉಳಿದದ್ದು ಹೊರಬರುತ್ತದೆ. ಮಿನುಗುವ ಪುಡಿ ಕಂಡಿದ್ದರೆ ಆಯಿಲ್ಲನ್ನು ಡಬ್ಬಿಗೆ ಮರಳಿಸುವ ರಿಟರ್ನ್ ಹೋಸಿನಲ್ಲಿ ಒಂದು ಫಿಲ್ಟರ್ ಹಾಕಿಬಿಡಿ. ಹೊಸ ಪಂಪಿನ ಸಕ್ಷನ್ ಬಾಯಿಗೆ ಆಯಿಲ್ ಸುರಿದು, ಪ್ರೆಷರ್ ಬಾಯಿಂದ ಬರುವವರೆಗೆ ಶಾಫ್ಟನ್ನು ಕೈಯಲ್ಲೇ ತಿರುಗಿಸಿ. ಒಣ ಪಂಪ್ ಎಂಜಿನ್ ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ತನ್ನನ್ನು ತಾನೇ ಗೀರಿಕೊಳ್ಳುತ್ತದೆ. ಈಗ ಪಂಪ್ ಕೂರಿಸಿ, ಓ-ರಿಂಗಿಗೆ ಆಯಿಲ್ ಸವರಿ, ನಟ್ಟುಗಳನ್ನು ಮೊದಲು ಕೈಯಲ್ಲಿ ಎಳೆಗೆ ಹಿಡಿಸಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಬೆಲ್ಟ್ ಹಾಕಿ.

ಗಾಳಿ ತೆಗೆಯುವುದರಲ್ಲಿ ಅವಸರ ಬೇಡ. ಡಬ್ಬಿ ತುಂಬಿಸಿ, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಸುಮಾರು 20 ಸಲ ನಿಧಾನವಾಗಿ ತಿರುಗಿಸಿ, ಮಟ್ಟ ಇಳಿದಂತೆ ತುಂಬಿಸುತ್ತಿರಿ. ಗುಳ್ಳೆ ನಿಂತ ಮೇಲೆ ಬ್ಯಾಟರಿ ಜೋಡಿಸಿ, ಎಂಜಿನ್ 2-3 ಸೆಕೆಂಡ್ ಓಡಿಸಿ ಆಫ್ ಮಾಡಿ, ಮತ್ತೆ ತುಂಬಿಸಿ. ಆಮೇಲೆ ಐಡಲ್‌ನಲ್ಲಿ ಕೊನೆಯಿಂದ ಕೊನೆಗೆ ತಿರುಗಿಸಿ, ಕೊನೆಯಲ್ಲಿ ಒತ್ತಿ ಹಿಡಿಯಬೇಡಿ. ನೊರೆ ಬಂದರೆ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಫೋರ್ಡ್ ಇ-ಸೀರೀಸ್, ಶೆವ್ರೊಲೆ ಎಕ್ಸ್‌ಪ್ರೆಸ್‌ಗಳಂಥ ವ್ಯಾನುಗಳ ಕೆಲವು ಮಾದರಿಗಳಲ್ಲಿ ಬ್ರೇಕಿನ ಬಲವೂ ಇದೇ ಪಂಪಿನಿಂದ ಬರುತ್ತದೆ. ಅಲ್ಲಿ ತಿರುಗಿಸುವುದರ ಜೊತೆ ಪೆಡಲನ್ನೂ ಹಲವು ಸಲ ಒತ್ತಿ ಗಾಳಿ ತೆಗೆಯಿರಿ, ಬ್ರೇಕ್ ಸರಿಯಿದೆ ಎಂದು ನಿಂತಲ್ಲೇ ಖಚಿತವಾಗುವವರೆಗೆ ರಸ್ತೆಗಿಳಿಸಬೇಡಿ.

ಮೊದಲ ಓಡಾಟದ ನಂತರ ಪ್ರತಿ ಫಿಟಿಂಗಿಗೂ ಟಿಶ್ಯೂ ಕಾಗದ ಸುತ್ತಿ ಬಿಟ್ಟು, ಮರುದಿನ ಬೆಳಿಗ್ಗೆ ಯಾವುದು ಒದ್ದೆಯಾಗಿದೆ ನೋಡಿ. ಆಯಿಲ್ ಮಟ್ಟವನ್ನೂ ಒಮ್ಮೆ ನೋಡಿ. ಒಂದೆರಡು ದಿನ ಸಣ್ಣಗೆ ಗೊಂಯ್ ಅಂದರೆ ಉಳಿದ ಗಾಳಿ. ಆಮೇಲೂ ನಿಲ್ಲದಿದ್ದರೆ ಸಕ್ಷನ್ ಹೋಸಿನ ಕ್ಲಿಪ್ಪುಗಳಿಗೇ ಮರಳಿ ಬನ್ನಿ.