ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ) ಇದ್ದವರು ಆಪರೇಷನ್‌ಗೆ ಮುಂಚೆ ಮಾಡಬೇಕಾದ್ದು

ದಿನ ಗೊತ್ತಾದ ಕೂಡಲೇ ಅರಿವಳಿಕೆ ವೈದ್ಯರನ್ನು ಕಾಣಲು ಸಮಯ ಕೇಳಿ. ಸರ್ಜನ್‌ಗೆ ಹೇಳಿದ್ದೇವಲ್ಲ ಎಂದು ಬಿಡಬೇಡಿ.

ಮಾತ್ರೆಗಳ ಚೀಟಿ ಬರೆಯಿರಿ: ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಈ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಡುಲೊಕ್ಸೆಟಿನ್‌ಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ನಿದ್ದೆ ಕೆಡುತ್ತದೆ, ನೋವು ಕೆರಳುತ್ತದೆ. ಡುಲೊಕ್ಸೆಟಿನ್ ಜೊತೆ ಟ್ರಮಡಾಲ್ ಎಂಬ ನೋವಿನ ಔಷಧಿ ಸೇರಿದರೆ ಮೈಯಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಅತಿಯಾಗಿ ನಡುಕ, ಬೆವರು, ಗೊಂದಲ ಬರಬಹುದು. ಪ್ರಿಗ್ಯಾಬಲಿನ್ ಜೊತೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಸೇರಿದರೆ ಉಸಿರಾಟ ನಿಧಾನವಾಗುವ ಅಪಾಯವಿದೆ. ಈ ಎರಡು ಅಪಾಯಗಳನ್ನೂ ಚೀಟಿಯ ಮೇಲ್ಗಡೆಯೇ, ಕೆಂಪು ಶಾಯಿಯಲ್ಲಿ ಬರೆಯಿರಿ. ನಾಟಿ ಔಷಧಿ, ಕಷಾಯವನ್ನೂ ಮುಚ್ಚಿಡಬೇಡಿ.

ಕುತ್ತಿಗೆ, ಭುಜ, ಸೊಂಟದಲ್ಲಿ ಎಲ್ಲಿ ಮುಟ್ಟಿದರೆ ನೋವು ಎಂದು ಮೊದಲೇ ತೋರಿಸಿ. ಅರಿವಳಿಕೆಯಲ್ಲಿ ಮೈ ಮಿಸುಕುವುದಿಲ್ಲ; ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇದ್ದರೆ ವಾರಗಟ್ಟಲೆ ನರಳಬೇಕಾದೀತು. ಮೆತ್ತೆ ಇಡಲು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಉಪವಾಸ ಸಾಮಾನ್ಯವಾಗಿ ಹೀಗೆ: ಲಘು ಆಹಾರ 6 ಗಂಟೆ ಮುಂಚೆ, ಬರಿ ನೀರು 2 ಗಂಟೆ ಮುಂಚೆ ನಿಲ್ಲಬೇಕು. ಮುದ್ದೆ, ಬಾಡೂಟ ಜೀರ್ಣವಾಗಲು ಇನ್ನೂ ಹೊತ್ತು ಬೇಕು. ಆಸ್ಪತ್ರೆ ಬೇರೆ ಹೇಳಿದರೆ ಅದೇ ಸರಿ.

ಮಂಡ್ಯದಿಂದ ಮೈಸೂರಿಗೆ ಬರುವವರು ಹಿಂದಿನ ದಿನವೇ ಬಂದು ಉಳಿಯಿರಿ. ಬೆಳಗಿನ ಜಾವದ ಬಸ್ಸಿನ ಕುಲುಕಾಟ, ನಿದ್ದೆಗೇಡು ಎರಡೂ ನೋವು ಹೆಚ್ಚಿಸುತ್ತವೆ.